ಎಡಮೂಲೆಯ ಬಾಟಲಿ

ಸೆಪ್ಟೆಂಬರ್ 2, ಮಂಗಳವಾರ

ಇವತ್ತೂ ಅದೇ. ಅಂಗಳದಿಂದ ಶೆಡ್ಡಿನವರೆಗೆ ಹಳೇ ಆಯಿಲಿನ ಕಪ್ಪು ತೊಟ್ಟು. ಮರದ ಹೊಟ್ಟು ಉದುರಿಸಿ, ಹೀರಿಕೊಳ್ಳಲಿ ಎಂದು ಬಿಟ್ಟು, ಪಾತ್ರೆ ತೊಳೆದು ಬಂದು ಗುಡಿಸಿದೆ. ಗುಡಿಸಿದ ಹೊಟ್ಟನ್ನು ಮನೆ ಕಸಕ್ಕೆ ಸೇರಿಸುವ ಹಾಗಿಲ್ಲ. ಮುಚ್ಚಳ ಇರುವ ತಗಡಿನ ಡಬ್ಬಕ್ಕೇ ಹಾಕಬೇಕು. ಮಾವನ ಕಟ್ಟಪ್ಪಣೆ. ಮದುವೆಯಾಗಿ ಬಂದ ವಾರವೇ ಕಲಿತ ಕೆಲಸ ಇದು.

ಇವರು ಟ್ಯಾಕ್ಸಿ ತೆಗೆದುಕೊಂಡು ಐದಕ್ಕೇ ಹೋದರು. ಮಾವ ಬಾನೆಟ್ ಎತ್ತಿ ನೋಡದೆ ಗಾಡಿ ಗೇಟು ದಾಟುವುದಿಲ್ಲ. ಇಂಜಿನ್ ಆಯಿಲ್, ಇಂಜಿನ್ ತಣ್ಣಗಿಡುವ ಕೂಲೆಂಟ್, ಬ್ರೇಕಿನದು — ಎಲ್ಲ ನೋಡಿ, ಕಡಿಮೆ ಇದ್ದರೆ ಹಾಕಿ, ಬಾನೆಟ್ ಮುಚ್ಚಿ ಎರಡು ಸಲ ತಟ್ಟುತ್ತಾರೆ. ಆಮೇಲೆ ಮಗನಿಗೆ ಹೊರಡಲು ಅಪ್ಪಣೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ಜೀವ ಸವೆಸಿದವರು. ರಿಟೈರ್ ಆದಮೇಲೂ ಬೀದಿಯ ಅರ್ಧ ಗಾಡಿಗಳು ನಮ್ಮ ಅಂಗಳದಲ್ಲೇ ಆಯಿಲ್ ಬದಲಾಯಿಸಿಕೊಳ್ಳುತ್ತವೆ. ಹೊಸದು ಗಾಡಿಗೆ, ಹಳೆಯದು ನಮ್ಮ ಶೆಡ್ಡಿಗೆ. ಕ್ಯಾನುಗಳಲ್ಲಿ, ಜ್ಯೂಸಿನ ಬಾಟಲಿಗಳಲ್ಲಿ, ಕೈಗೆ ಸಿಕ್ಕಿದ್ದರಲ್ಲಿ. ತುಂಬಿದಾಗ ಡ್ರಮ್ಮಣ್ಣನಿಗೆ ಫೋನ್ ಮಾಡಬೇಕು. ವ್ಯಾನಿನಲ್ಲಿ ಡ್ರಮ್ ಇಟ್ಟುಕೊಂಡು ಗ್ಯಾರೇಜು ಗ್ಯಾರೇಜು ತಿರುಗಿ ಹಳೇ ಆಯಿಲ್ ಒಯ್ಯುವವನು. ಸುಮಾರು ತಿಂಗಳಾಯಿತು, ಬಂದಿಲ್ಲ.

ಶೆಡ್ಡೆಂದರೆ ಕಾಂಪೌಂಡಿಗೆ ಒರಗಿಸಿದ ತಗಡಿನ ಮಾಡು. ಬಾಗಿಲಿಲ್ಲ. ಲೈಟೂ ಇಲ್ಲ. ಹಾಕಿಸುತ್ತೇನೆಂದು ಇವರು ಹೇಳಿದಾಗೆಲ್ಲ ಮಾವನದು ಒಂದೇ ಮಾತು. "ಡಿಪೋದಲ್ಲಿ ಕರೆಂಟ್ ಹೋಯ್ತು ಅಂತ ಬಸ್ ನಿಲ್ತಿತ್ತೇನೋ? ಪ್ರತಿಯೊಂದಕ್ಕೂ ಒಂದು ಜಾಗ. ಜಾಗ ಗೊತ್ತಿರೋನಿಗೆ ಕಣ್ಣು ಯಾಕೆ?"

ಅತ್ತೆ ಒಳಗಿನಿಂದಲೇ, "ಹೌದೌದು. ಶೆಡ್ಡಲ್ಲಿ ಎಲ್ಲಾ ಗೊತ್ತು. ಟವೆಲ್ ಎಲ್ಲಿದೆ ಅಂತ ಮಾತ್ರ ಇವತ್ತಿಗೂ ನನ್ನನ್ನೇ ಕೇಳ್ತೀರಿ."

ನಕ್ಕೆ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು.

ಸೆಪ್ಟೆಂಬರ್ 4, ಗುರುವಾರ

ಪಕ್ಕದ ಮನೆ ಟೈಲರಮ್ಮನ ಬೆಕ್ಕು ಸತ್ತಿತು. ನಿನ್ನೆಯಿಂದ ತೂರಾಡುತ್ತಿತ್ತಂತೆ, ಕುಡಿದವರ ಹಾಗೆ. ಪ್ರಾಣಿ ಡಾಕ್ಟರ ಹತ್ತಿರ ಒಯ್ದರು. ಗಾಡಿಯ ಕೂಲೆಂಟ್ ಕುಡಿದಿದೆ ಎಂದರಂತೆ. ಟೈಲರಮ್ಮನ ಮಗ ಮೊನ್ನೆ ತನ್ನ ಗಾಡಿಯಿಂದ ಹಸಿರು ನೀರು ಬಸಿದು ಬೇಸಿನ್ನನ್ನು ಓಣಿಯಲ್ಲೇ ಬಿಟ್ಟಿದ್ದ.

"ಸಿಹಿ ಇರುತ್ತಂತೆ ಕಣೇ ಅದು," ಎಂದು ಕಾಂಪೌಂಡಿನ ಆಚೆಯಿಂದ ಅತ್ತರು ಟೈಲರಮ್ಮ. "ಶರಬತ್ತಿನ ಥರ. ಬೆಕ್ಕಿಗೇನು ಗೊತ್ತಾಗುತ್ತೆ? ಮಗು ಆಗಿದ್ರೂ ಕುಡೀತಿತ್ತು."

ಆ ಕೊನೆಯ ಮಾತು ಯಾಕೆ ಆಡಿದರೋ. ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ನಮ್ಮ ಶೆಡ್ಡಿನ ಕೆಳಹಲಗೆಯ ತುಂಬ ಅದೇ ಹಸಿರು. ಜ್ಯೂಸಿನ ಬಾಟಲಿಯಲ್ಲಿ.

ಸೆಪ್ಟೆಂಬರ್ 5, ಶುಕ್ರವಾರ

ಮಗಳು ಗುಬ್ಬಿ ನಡೆಯಲು ಕಲಿತು ಇನ್ನೂ ತಿಂಗಳಾಗಿಲ್ಲ. ಬಟ್ಟೆ ಒಣಹಾಕಿ ತಿರುಗುವಷ್ಟರಲ್ಲಿ ಮಗು ಇಲ್ಲ. ಶೆಡ್ಡಿನಲ್ಲಿ ಕೂತಿದ್ದಳು. ಹಸಿರು ಬಾಟಲಿ ತಬ್ಬಿಕೊಂಡು. ಮುಚ್ಚಳ ಕಚ್ಚುತ್ತಿದ್ದಳು.

ಮುಚ್ಚಳ ಬಿಗಿಯಾಗಿತ್ತು. ಕಸಿದುಕೊಂಡೆ. ಅತ್ತಳು. ಬಾಯಿ ಮೂಸಿದೆ, ಬೆರಳು ಹಾಕಿ ನೋಡಿದೆ, ಮತ್ತೆ ಮೂಸಿದೆ. ಏನೂ ಇಲ್ಲ. ಆದರೂ ಸಂಜೆಯವರೆಗೂ ಅವಳು ಎದ್ದರೆ ತೂರಾಡುತ್ತಾಳೇನೋ ಎಂದೇ ನೋಡುತ್ತಿದ್ದೆ. ಈಗಷ್ಟೇ ನಡೆಯಲು ಕಲಿತವಳು. ಹೇಗೂ ತೂರಾಡುತ್ತಾಳೆ!

ಊಟದ ಹೊತ್ತಿಗೆ ಇವರಿಗೆ ಹೇಳಿದೆ.

"ಅಪ್ಪಂಗೆ ಹೇಳು."

"ನೀವು ಹೇಳ್ರೀ."

"ನಾನು ಬಾಯಿಬಿಟ್ರೆ ಮೂರು ದಿನ ಡಿಪೋ ಪುರಾಣ ಕೇಳ್ಬೇಕು. ನಿನ್ನ ಮೇಲೆ ಅವರಿಗೆ ಪ್ರೀತಿ. ನೀನು ಹೇಳಿದ್ರೆ ಒಂದು ದಿನದಲ್ಲಿ ಮುಗಿಯುತ್ತೆ."

ಅತ್ತೆ, "ಅವಳಾ? ನಮ್ಮ ಸೊಸೆ ಬಾಯಲ್ಲಿ ಮುತ್ತಿಟ್ಕೊಂಡಿದಾಳೆ ಕಣೋ. ತೆಗೆದ್ರೆ ಉದುರಿಹೋಗ್ತವೆ ಅಂತ ಭಯ," ಎಂದರು.

ಪಾತ್ರೆ ಒರೆಸುತ್ತ ಮನಸ್ಸಿನಲ್ಲೇ ಹೇಳಿ ನೋಡಿದೆ. ಮಾವ, ಶೆಡ್ಡಿನ ಬಾಟಲಿಗಳನ್ನು ಮೇಲಿಡೋಣವಾ? ಮನಸ್ಸಿನಲ್ಲಿ ಚೆನ್ನಾಗಿಯೇ ಬಂತು. ವರಾಂಡಾದವರೆಗೆ ಹೋದೆ. ಮಾವ ರೇಡಿಯೋ ಕೇಳುತ್ತಿದ್ದರು. "ಏನಮ್ಮಾ?" ಅಂದರು. ಒಣಗಿದ ಟವೆಲ್ ಕೊಟ್ಟು ಬಂದೆ.

ಸೆಪ್ಟೆಂಬರ್ 6, ಶನಿವಾರ

ಮಾವ, ಅತ್ತೆ ಪೆನ್ಷನ್ ಕೆಲಸಕ್ಕೆ ಬ್ಯಾಂಕಿಗೆ ಹೋದರು. ಗುಬ್ಬಿ ಮಲಗಿದ್ದಳು. ಮಾಡಿಯೇಬಿಟ್ಟೆ.

ಕೆಳಹಲಗೆಯಲ್ಲಿದ್ದದ್ದೆಲ್ಲ ಮೇಲಕ್ಕೆ. ಮೇಲಿದ್ದ ಬಟ್ಟೆಚೂರು, ಹಗ್ಗ, ಟ್ಯೂಬು, ಸ್ಪ್ಯಾನರ್ ಪೆಟ್ಟಿಗೆ ಕೆಳಕ್ಕೆ. ಕ್ಯಾನು ಎತ್ತಿ ಎತ್ತಿ ತೋಳು ಬಿದ್ದುಹೋಯಿತು. ಹಲಗೆಯೂ ಕಿರ್ರೆಂದಿತು. ದೊಡ್ಡವು ಹಿಂದೆ, ಹಸಿರು ಬಾಟಲಿಗಳು ಮಧ್ಯೆ, ಅಂಗೈಯಗಲದ ಸಣ್ಣ ಬಾಟಲಿಗಳು ಮುಂದೆ ಸಾಲಾಗಿ. ಸಣ್ಣವೆಲ್ಲ ಒಂದೇ ಥರ, ಒಂದೇ ಹಳದಿ ಮುಚ್ಚಳ. ಮೇಲೆ ಇಂಗ್ಲಿಷಿನಲ್ಲಿ ಬರೆದದ್ದೂ ಒಂದೇ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಇಂಗ್ಲಿಷ್ ಅಕ್ಷರ ಕೂಡಿಸಲು ಬರುತ್ತದೆ, ಅದೇನೆಂದು ಗೊತ್ತಾಗುವುದಿಲ್ಲ. ಒಂದು ಮೇಲಿನ ಎಡಮೂಲೆಯಲ್ಲೇ ಇತ್ತು. ಸಾಲು ನೇರ ಬರಲಿ ಎಂದು ಅದನ್ನೂ ಸರಿಸಿ ಜೋಡಿಸಿದೆ.

ದೂರ ನಿಂತು ನೋಡಿದೆ. ಅಂಗಡಿಯ ಹಾಗೆ ಕಂಡಿತು. ಗುಬ್ಬಿಯನ್ನು ಎತ್ತಿಕೊಂಡು ಬಂದು ಅಲ್ಲಿ ನಿಲ್ಲಿಸಿದೆ. ಕೈ ಚಾಚಿದಳು, ಸಿಕ್ಕಿದ್ದು ಹಗ್ಗ. ಎಷ್ಟು ಸಮಾಧಾನವಾಯಿತು!

ಮಾವ ಬಂದಮೇಲೆ ಹೇಳೋಣವೆಂದುಕೊಂಡೆ. ಬ್ಯಾಂಕಿನಲ್ಲಿ ನಿಂತು ನಿಂತು ಸುಸ್ತಾಗಿ ಬಂದವರು ಊಟ ಮಾಡಿ ಮಲಗಿದರು. ಸಂಜೆ ಯಾರೋ ಬಂದರು. ಇರಲಿ. ನಾಳೆ ಬೆಳಗಾದರೆ ಅವರೇ ನೋಡುತ್ತಾರಲ್ಲ. ಕಣ್ಣಿಗೆ ಕಾಣುವುದನ್ನು ಹೇಳುವುದೇನು.

ಸೆಪ್ಟೆಂಬರ್ 7, ಭಾನುವಾರ, ಬೆಳಿಗ್ಗೆ ಒಂಬತ್ತೂವರೆ

ಇವರು ಫೋನ್ ಎತ್ತುತ್ತಿಲ್ಲ.

ಸುಮ್ಮನೆ ನಿಲ್ಲಲಾಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬೆಳಿಗ್ಗೆ ಕತ್ತಲಿರುವಾಗಲೇ ಇವರು ಬಾಡಿಗೆಗೆ ಹೋದರು. ಘಾಟಿ ಇಳಿದು ಹೋಗುವ ದೂರದ ಬಾಡಿಗೆ. ನಾನು ಗುಬ್ಬಿಗೆ ಹಾಲು ಕೊಡುತ್ತ ಒಳಗಿದ್ದೆ. ಬಾನೆಟ್ ಮುಚ್ಚಿದ ಸದ್ದು, ಎರಡು ತಟ್ಟು, ಕೇಳಿಸಿತು.

ತಿಂಡಿಯಾದಮೇಲೆ ಅಂಗಳಕ್ಕೆ ಹೋದೆ. ಮೆಟ್ಟಿಲ ಮೇಲೆ ಹಳದಿ ಮುಚ್ಚಳದ ಸಣ್ಣ ಬಾಟಲಿ. ಬ್ರೇಕಿಗೆ ಹಾಕಿ ಅಲ್ಲೇ ಇಟ್ಟಿದ್ದಾರೆ. ಹೊರಗೆ ಸೋರಿದ್ದನ್ನು ಒರೆಸಿ ಬಟ್ಟೆಯನ್ನು ಬಕೆಟ್ಟಿನ ನೀರಿಗೆ ಅದ್ದಿದೆ. ನೀರಿನ ಮೇಲೆ ಬಣ್ಣ ಬಣ್ಣದ ಪೊರೆ ಹರಡಿತು.

ಬ್ರೇಕಿನದು ನೀರಲ್ಲಿ ಕರಗಿಹೋಗುತ್ತದೆ, ತೇಲುವುದಿಲ್ಲ. ಮಾವನೇ ಹೇಳಿಕೊಟ್ಟದ್ದು. ತೇಲುವುದು ಆಯಿಲು.

ವರಾಂಡಾಕ್ಕೆ ಓಡಿದೆ. "ಮಾವ, ಬೆಳಿಗ್ಗೆ ಬ್ರೇಕಿಗೆ ಹಾಕಿದ್ರಾ?"

"ಚೂರು ಕಮ್ಮಿ ಇತ್ತು. ಯಾಕಮ್ಮಾ?"

ಬಕೆಟ್ ತೋರಿಸಿದೆ. ಮಾವ ಬಗ್ಗಿ ನೋಡಿದರು. ಬಾಟಲಿಯ ಬಾಯಿಗೆ ಬೆರಳಿಟ್ಟು, ಉಜ್ಜಿ, ಮೂಸಿದರು. ಮುಖದ ರಕ್ತವೆಲ್ಲ ಇಳಿದುಹೋಯಿತು.

"ಸ್ಟೇರಿಂಗಿಂದ ಬಸಿದ ಹಳೇ ಆಯಿಲ್... ಬ್ರೇಕಿನ ಖಾಲಿ ಬಾಟಲಿಗೆ ತುಂಬಿಟ್ಟಿದ್ದೆ. ಕೆಳಗಿತ್ತು ಇದು. ಕತ್ತಲಲ್ಲಿ ಬ್ರೇಕಿಂದು ಇರೋ ಎಡಮೂಲೆಗೇ ಕೈ ಹಾಕಿದ್ದೆ, ಅಲ್ಲಿಗೆ ಹೇಗೆ ಬಂತು?" ಆಮೇಲೆ, "ಫೋನ್ ಮಾಡು. ಗಾಡಿ ನಿಲ್ಸೋಕೆ ಹೇಳು. ಬ್ರೇಕಿನ ರಬ್ಬರೆಲ್ಲ ಊದಿ ಬ್ರೇಕೇ ಕೈಕೊಡುತ್ತೆ. ಘಾಟಿ ಇಳಿಯೋಕೆ ಮುಂಚೆ. ಮಾಡಮ್ಮಾ!"

ಮಾಡುತ್ತಲೇ ಇದ್ದೇನೆ. ರಿಂಗಾಗುತ್ತದೆ, ನಿಲ್ಲುತ್ತದೆ. ಗಾಡಿ ಓಡಿಸುವಾಗ ಇವರು ಎತ್ತುವುದಿಲ್ಲ, ಒಳ್ಳೆ ಅಭ್ಯಾಸ ಎಂದು ನಾನೇ ಹೆಮ್ಮೆ ಪಡುತ್ತಿದ್ದೆ. ಮಾತಾಡಿ ರೆಕಾರ್ಡ್ ಮಾಡಿ ಕಳಿಸಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಗುಬ್ಬಿ ಅಳುತ್ತಿದ್ದಾಳೆ. ಮಾವ ಗೇಟಿನ ಹತ್ತಿರ ನಿಂತಿದ್ದಾರೆ, ಗಾಡಿ ಅಲ್ಲಿಂದಲೇ ವಾಪಸು ಬರುತ್ತದೇನೋ ಎನ್ನುವ ಹಾಗೆ.

ಮತ್ತೆ ರಿಂಗು...

ಅದೇ ದಿನ, ಸಂಜೆ

ಬದುಕಿದ್ದಾರೆ. ಎಲ್ಲರೂ.

ಘಾಟಿಯ ತಲೆಯಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ಫೋನ್ ನೋಡಿದರಂತೆ. "ಬೆಳಿಗ್ಗೆಯಿಂದ ಬ್ರೇಕ್ ಹಿಡ್ಕೊಂಡೇ ಇತ್ತು ಕಣೇ. ಚಕ್ರ ಮುಟ್ಟಿದ್ರೆ ಸುಡ್ತಿತ್ತು. ಇಳಿದ್ಮೇಲೆ ಗ್ಯಾರೇಜಿಗೆ ತೋರ್ಸೋಣ ಅಂದ್ಕೊಂಡಿದ್ದೆ. ಇಳಿದ್ಮೇಲೆ!" ಗಾಡಿಯಲ್ಲಿ ಒಂದು ಸಂಸಾರ ಇತ್ತು. ಬಾಣಂತಿಯೂ ಇದ್ದಳಂತೆ. ಅವರನ್ನು ಬೇರೆ ಗಾಡಿಗೆ ಹತ್ತಿಸಿ, ಟ್ಯಾಕ್ಸಿಯನ್ನು ಎಳೆಸಿಕೊಂಡು ಗ್ಯಾರೇಜಿಗೆ ಬಿಟ್ಟು ಬಂದರು.

ಬಂದವರು ಎಲ್ಲರ ಮುಂದೆ ನನ್ನ ತಲೆ ಮೇಲೆ ಕೈಯಿಟ್ಟರು. "ಇವಳಿಂದ ಬದುಕಿದೆ ಇವತ್ತು." ಅತ್ತೆ ಕಣ್ಣೊರೆಸಿಕೊಂಡು ದೃಷ್ಟಿ ತೆಗೆದರು. ನೆಲ ಬಾಯಿಬಿಡಬಾರದೇ ಎನಿಸಿತು.

ಅಪ್ಪನಿಗೆ ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. ಪಕ್ಕದಲ್ಲಿ ಕೂತು ಮೆಲ್ಲಗೆ, "ಅಪ್ಪಾ, ಸಾಕಿನ್ನು. ರೆಸ್ಟ್ ತಗೋ. ವಯಸ್ಸಾಯ್ತು, ತಪ್ಪೇನಿಲ್ಲ," ಎಂದರು. ಬೈದಿದ್ದರೇ ಚೆನ್ನಾಗಿತ್ತು.

ಮಾವ ಬಾಟಲಿಯನ್ನೇ ನೋಡುತ್ತಿದ್ದರು. "ಕೆಳಗಿಟ್ಟಿದ್ದು ಮೇಲೆ ಹೇಗೆ ಹೋಯ್ತು? ನಾನೇ ಇಟ್ಟಿರ್ಬೇಕು. ನೆನಪೇ ಇಲ್ಲ ನೋಡು."

ಅಲ್ಲಿ ಹೇಳಬೇಕಿತ್ತು. ಅಲ್ಲೇ. ಗುಬ್ಬಿಯ ಮೂಗು ಒರೆಸುತ್ತ ಕೂತಿದ್ದೆ.

ಸೆಪ್ಟೆಂಬರ್ 9, ಮಂಗಳವಾರ

ಮಾವ ಶೆಡ್ಡಿನ ಕಡೆ ಕಾಲಿಟ್ಟಿಲ್ಲ. ಇಟ್ಟಿದ್ದರೆ ಒಂದೇ ನೋಟಕ್ಕೆ ಗೊತ್ತಾಗುತ್ತಿತ್ತು. ಕುರ್ಚಿಯನ್ನು ಬೀದಿಗೆ ಮುಖ ಮಾಡಿ ಹಾಕಿಕೊಂಡಿದ್ದಾರೆ. ಕೆಲಸಕ್ಕೆ ಹಾಕುತ್ತಿದ್ದ ಖಾಕಿ ಅಂಗಿಯನ್ನು ಮಡಿಸಿ ಅತ್ತೆಗೆ ಕೊಟ್ಟರು. "ಒರೆಸೋಕೆ ಇಟ್ಕೋ."

ಅತ್ತೆ ಅಂಗಿ ತೆಗೆದುಕೊಂಡು ಒಳಗೆ ಹೋದರು. ಅತ್ತೆ ಏನೂ ಅನ್ನದೆ ಇದ್ದದ್ದನ್ನು ಈ ಮನೆಯಲ್ಲಿ ಇವತ್ತೇ ನೋಡಿದ್ದು.

ಎದುರು ಮನೆಯವನು ಗಾಡಿ ತಂದ, ಆಯಿಲ್ ಬದಲಾಯಿಸಿ ಅಂತ. "ಬೇರೆ ಕಡೆ ಹೋಗಪ್ಪಾ," ಎಂದರು ಮಾವ. ಅವನು ಗೇಟಿನಲ್ಲಿ ನಿಂತೇ ಇದ್ದ, ತಮಾಷೆ ಎಂದುಕೊಂಡು.

ಸೆಪ್ಟೆಂಬರ್ 10, ಬುಧವಾರ

ಗುಬ್ಬಿ ಕೈ ಎತ್ತಿ ಮಾವನ ಕಾಲು ಹಿಡಿದುಕೊಂಡಳು, ಎತ್ತಿಕೋ ಎಂದು. ಎತ್ತಿಕೊಳ್ಳಲಿಲ್ಲ. "ಬಂದು ತಗೊಂಡ್ಹೋಗಮ್ಮಾ ಇವಳನ್ನ," ಎಂದು ನನ್ನನ್ನು ಕರೆದರು. "ನನ್ನ ಕೈ ಈಗ ಹೇಗೋ ಏನೋ. ಎಲ್ಲಾದ್ರೂ ಇಟ್ಟು ಮರೆತುಬಿಟ್ರೆ?"

ನಗುತ್ತಲೇ ಅಂದರು. ಮಗುವನ್ನು ತೆಗೆದುಕೊಂಡು ಒಳಗೆ ಬಂದೆ. ಬಂದು, ಮತ್ತೆ ಹೊರಗೆ ಹೋದೆ. ಮತ್ತೆ ಒಳಗೆ ಬಂದೆ. ಅತ್ತೆ, "ಕಾಲಿಗೆ ಚಕ್ರ ಕಟ್ಕೊಂಡಿದೀಯೇನೇ?" ಎಂದರು.

ಬಾಟಲಿಗಳನ್ನು ಸದ್ದಿಲ್ಲದೆ ಹಳೇ ಜಾಗಕ್ಕೆ ಇಟ್ಟುಬಿಡಲೇ ಎಂದೂ ಯೋಚಿಸಿದೆ. ಇಟ್ಟರೆ ಯಾವತ್ತಿಗೂ ಗೊತ್ತಾಗುವುದಿಲ್ಲ. ಶೆಡ್ಡಿನವರೆಗೆ ಹೋಗಿ ನಿಂತೆ. ಮುಟ್ಟಲು ಕೈ ಬರಲಿಲ್ಲ. ಅದೊಂದನ್ನು ಮಾಡಲಿಲ್ಲ.

ಸೆಪ್ಟೆಂಬರ್ 16, ಮಂಗಳವಾರ

ಬರೆಯಲು ಮನಸ್ಸಿರಲಿಲ್ಲ. ಏನು ಬರೆಯಲಿ, ದಿನವೂ ಅದೇ. ಮಾವ ಗ್ಯಾಸ್ ಆಫ್ ಆಗಿದೆಯೇ ಎಂದು ಬಂದು ನೋಡುತ್ತಾರೆ. ಹೋಗುತ್ತಾರೆ. ಮತ್ತೆ ಬಂದು ನೋಡುತ್ತಾರೆ. ಮಾತ್ರೆ ನುಂಗಿದೆನೇ ಎಂದು ಅತ್ತೆಯನ್ನು ಕೇಳುತ್ತಾರೆ, ನುಂಗಿದ ಲೋಟ ಕೈಯಲ್ಲೇ ಇರುತ್ತದೆ.

ಇವತ್ತು ಇವರು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ತಾರೀಖು ಎಷ್ಟು, ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದೆಲ್ಲ ಕೇಳಿದರಂತೆ. ಮಾವ ತಾರೀಖು ತಪ್ಪು ಹೇಳಿದರು. ಇವರು ಬಂದು ಮೆಲ್ಲಗೆ ಹೇಳಿದರು ನನಗೆ, "ಮರೆವಿನ ಕಾಯಿಲೆ ಶುರುವಾಗಿರಬಹುದು ಅಂದ್ರು. ಆರು ತಿಂಗಳು ಬಿಟ್ಟು ಕರ್ಕೊಂಡು ಬನ್ನಿ ಅಂದ್ರು."

ರಿಟೈರಾದವರಿಗೆ ತಾರೀಖು ಯಾಕೆ ನೆನಪಿರಬೇಕು! ನನಗೇ ನೆನಪಿರುವುದಿಲ್ಲ, ಇಲ್ಲಿ ಬರೆಯಬೇಕೆಂದು ಕ್ಯಾಲೆಂಡರ್ ನೋಡಿ ಬರುತ್ತೇನೆ. ಇದನ್ನೂ ಹೇಳಲಿಲ್ಲ.

ಟೀ ಒಯ್ದುಕೊಟ್ಟೆ. ಲೋಟ ತೆಗೆದುಕೊಂಡರೂ ಅಲ್ಲೇ ನಿಂತೆ.

"ಮಾವಾ..."

"ಹೇಳಮ್ಮಾ."

ಎಷ್ಟು ಮೆತ್ತಗೆ ಅಂದರು. ಮೊದಲಾಗಿದ್ದರೆ "ಏನು, ಬೇಗ ಹೇಳು, ಕೈ ಆಯಿಲಾಗಿದೆ" ಅನ್ನುತ್ತಿದ್ದರು.

"ಸಕ್ಕರೆ ಸಾಕಾ?"

"ಸಾಕು," ಎಂದರು. ಇನ್ನೂ ಕುಡಿದೇ ಇರಲಿಲ್ಲ.

ಯಾಕೆ ಬಾಯಿ ಬರುವುದಿಲ್ಲ? ನಾಚಿಕೆ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಹುಟ್ಟಿದಾಗಿನಿಂದ ಹಾಗೇ ಎಂದು ಅಮ್ಮನೂ ಹೇಳಿ ಕಳಿಸಿದ್ದಳು. ಆದರೆ ಇದು ನಾಚಿಕೆಯಲ್ಲ. ಇವರು ನನ್ನ ತಲೆ ಮೇಲೆ ಕೈಯಿಟ್ಟರಲ್ಲ, ಅದು ಹೋಗುತ್ತದೆ ಎಂಬ ಭಯ.

ಸೆಪ್ಟೆಂಬರ್ 19, ಶುಕ್ರವಾರ

ಇವರು ಡ್ರಮ್ಮಣ್ಣನಿಗೆ ಫೋನ್ ಮಾಡಿದರು. ಭಾನುವಾರ ಬರುತ್ತಾನೆ. ಶೆಡ್ಡಿನಲ್ಲಿರುವುದನ್ನೆಲ್ಲ ಕೊಟ್ಟು, ತಗಡು ಬಿಚ್ಚಿಸಿ, ಅಲ್ಲಿ ಗಾಡಿ ನಿಲ್ಲಿಸುತ್ತಾರಂತೆ. ಸ್ಪ್ಯಾನರುಗಳನ್ನೂ ಮಾರಿಬಿಡುವುದಂತೆ.

ಮಾವನನ್ನು ಕೇಳಿದರು. "ನಿನ್ನಿಷ್ಟ," ಎಂದರು ಮಾವ.

ಭಾನುವಾರದೊಳಗೆ ಹೇಳಬೇಕು. ನಾಳೆ ಹೇಳುತ್ತೇನೆ. ನಾಳೆ ಹೇಳದಿದ್ದರೆ ನಾನು ಮನುಷ್ಯಳೇ ಅಲ್ಲ.

ಸೆಪ್ಟೆಂಬರ್ 20, ಶನಿವಾರ

ಹೇಳಲಿಲ್ಲ.

ಸೆಪ್ಟೆಂಬರ್ 21, ಭಾನುವಾರ, ಮಧ್ಯಾಹ್ನ ಮೂರು

ಗುಬ್ಬಿಯನ್ನು ಮಲಗಿಸಿ ಬಂದೆ. ಬರೆಯುತ್ತೇನೆ, ಆದದ್ದು ಆದ ಹಾಗೇ.

ಡ್ರಮ್ಮಣ್ಣ ಹತ್ತು ಗಂಟೆಗೆ ಬಂದ. ವ್ಯಾನನ್ನು ಗೇಟಿಗೆ ಹಿಂದು ಮಾಡಿ ನಿಲ್ಲಿಸಿ, ಒಂದು ಕ್ಯಾನು ತೆಗೆದು ಮುಚ್ಚಳ ಬಿಚ್ಚಿ ನೋಡಿದ. "ಇದು ಯಾವ್ದು?"

"ಆಯಿಲಿರ್ಬೇಕು," ಎಂದರು ಇವರು.

"ಇರ್ಬೇಕು ಅಂದ್ರೆ ಆಗಲ್ಲಣ್ಣಾ. ಇಂಜಿನ್ ಆಯಿಲ್ ಬೇರೆ, ಕೂಲೆಂಟ್ ಬೇರೆ, ಬ್ರೇಕಿಂದು ಬೇರೆ. ಒಂದು ಲೋಟ ಬೆರೆತಿದ್ರೂ ಇಡೀ ಡ್ರಮ್ ವಾಪಸ್ ಕಳಿಸ್ತಾರೆ. ಇದೇನು ಜಾತ್ರೆ ಜನ ಸೇರ್ದಂಗೆ ಸೇರ್ಸೋಕಾಗುತ್ತಾ? ಯಜಮಾನ್ರನ್ನ ಕರೀರಿ. ಅವರು ಹೇಳಿದ್ರೆ ನಾನು ಮೂಸೂ ನೋಡಲ್ಲ, ಕಣ್ಮುಚ್ಚಿ ತಗೊಂಡು ಹೋಗ್ತೀನಿ."

ಇವರು ದನಿ ತಗ್ಗಿಸಿದರು. "ಅಪ್ಪಂಗೆ ಈಗ ಸ್ವಲ್ಪ... ನೆನಪು ಸರಿ ಇಲ್ಲ."

ತಗ್ಗಿಸಿದ್ದು ಸಾಲಲಿಲ್ಲ. ವರಾಂಡಾದ ಕುರ್ಚಿಯಲ್ಲಿ ಮಾವನ ಬೆನ್ನು ಒಂಚೂರು ಬಾಗಿತು. ನಾನು ನೋಡಿದೆ.

"ಹಂಗಾದ್ರೆ ನಂಗ್ಬೇಡ."

"ಬೇಡ ಅಂದ್ರೆ ಬಿಡಪ್ಪಾ. ಚರಂಡಿಗೆ ಸುರಿದು ಕೈ ತೊಳ್ಕೋತೀನಿ. ಪೀಡೆ ಕಳೀತು ಅಂತ."

ಮಾವ ಎದ್ದು ನಿಂತರು. "ಚರಂಡಿಗೆ ಬೇಡ ಕಣೋ. ಆ ನೀರು ಎಲ್ಲೆಲ್ಲಿಗೋ ಹೋಗುತ್ತೆ, ಎಷ್ಟು ಜನದ ಬಾವಿ ಕೆಡುತ್ತೋ." ನೆಲ ನೋಡುತ್ತಲೇ ಹೇಳಿದರು. "ಕೆಳಹಲಗೇಲಿ ಎಡಗಡೆ ಇರೋ ಕ್ಯಾನುಗಳು ಇಂಜಿನ್ ಆಯಿಲ್. ಬಲಗಡೆ ಜ್ಯೂಸ್ ಬಾಟ್ಲಿ, ಕೂಲೆಂಟ್. ನೋಡು ಬೇಕಾದ್ರೆ."

ಇವರು ಶೆಡ್ಡಿನೊಳಗೆ ಬಗ್ಗಿ ನೋಡಿದರು. ಹೊರಗೆ ಬಂದರು.

"ಅಪ್ಪಾ... ಕೆಳಗೆ ಬರೀ ಬಟ್ಟೆ, ಹಗ್ಗ ಇದೆ."

"ಬಟ್ಟೆನಾ?"

"ಹೂಂ. ಇರ್ಲಿ ಬಿಡು. ನೀನು ಹೋಗಿ ಕೂತ್ಕೋ."

ಮಾವನ ಮುಖ. ಬರೆಯಲಾಗುವುದಿಲ್ಲ. ಸಂತೆಯಲ್ಲಿ ಕೈಬಿಟ್ಟುಹೋದ ಮಗುವಿನ ಮುಖದ ಹಾಗೆ. ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡಿದರು. ಅತ್ತೆಯನ್ನು, ಮಗನನ್ನು, ನನ್ನನ್ನು. "ನನ್ನ ಮಾತು ಕೇಳ್ಬೇಡಿ ಹಾಗಾದ್ರೆ," ಎಂದು ತಿರುಗಿದರು.

"ನಾನು ಜಾಗ ಬದಲಾಯಿಸಿದ್ದು," ಎಂದೆ.

ಯಾರಿಗೂ ಕೇಳಿಸಲಿಲ್ಲ. ಡ್ರಮ್ಮಣ್ಣನ ವ್ಯಾನಿನ ಇಂಜಿನ್ನು ಇನ್ನೂ ಓಡುತ್ತಿತ್ತು. ಮತ್ತೆ ಹೇಳಿದೆ. ಗಟ್ಟಿಯಾಗಿ. ಎಷ್ಟು ಗಟ್ಟಿಯಾಗಿ ಎಂದರೆ ಟೈಲರಮ್ಮನ ಮಿಷನ್ನು ನಿಂತಿತು.

"ಶೆಡ್ಡಿನ ಜಾಗ ಬದಲಾಯಿಸಿದ್ದು ನಾನು! ಮಾವ ಅಲ್ಲ. ಅವರು ಏನೂ ಮರೆತಿಲ್ಲ."

ಡ್ರಮ್ಮಣ್ಣ ಹೋಗಿ ಇಂಜಿನ್ ಆಫ್ ಮಾಡಿದ.

ಮಾವ ಮೆಟ್ಟಿಲಿಳಿದು ನನ್ನ ಎದುರಿಗೆ ಬಂದರು. "ಯಾವಾಗ?"

"ಶನಿವಾರ. ನೀವು ಬ್ಯಾಂಕಿಗೆ ಹೋದಾಗ. ಗುಬ್ಬಿ ಹಸಿರು ಬಾಟಲಿ ಕಚ್ತಾ ಇದ್ಲು... ಅದಕ್ಕೆ ಎಲ್ಲಾ ಮೇಲಿಟ್ಟೆ."

"ಎಡಮೂಲೇದು?"

"ಸಣ್ಣವೆಲ್ಲ ಒಂದೇ ಥರ ಇದ್ವು ಮಾವ. ಸಾಲಾಗಿ ಇಟ್ಟೆ. ಬ್ರೇಕಿಂದು ಆ ತುದಿಗೆ ಹೋಯ್ತು. ಅದರ ಜಾಗಕ್ಕೆ ಬೇರೇದು ಬಂತು. ಹೇಳ್ಬೇಕು ಅಂತಿದ್ದೆ."

ಮಾವ ಶೆಡ್ಡಿನೊಳಗೆ ಹೋದರು. ಆ ದಿನದ ಮೇಲೆ ಇದೇ ಮೊದಲು. ತುಂಬ ಹೊತ್ತು ಬರಲಿಲ್ಲ. ಒಳಗಿಂದ ಒಂದೇ ಒಂದು ಮಾತು ಬಂತು, "ಇಷ್ಟು ಭಾರ ಮೇಲಿಟ್ಟಿದೀಯಲ್ಲ, ಹಲಗೆ ಮುರಿದಿದ್ರೆ ಮಗು ತಲೆ ಮೇಲೆ ಬೀಳ್ತಿತ್ತು." ಬೈಗುಳ. ಡಿಪೋದ ದನಿ. ಅದನ್ನು ಕೇಳಿ ಅತ್ತೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟರು.

ಹೊರಗೆ ಬಂದು ನನ್ನ ಮುಂದೆ ನಿಂತರು. ಕಣ್ಣು ಕೆಂಪಗಿತ್ತು.

"ನನ್ನ ತಲೆ ಹೋಗ್ತಿದೆ ಅಂದ್ಕೊಂಡು ಕೂತಿದ್ನಲ್ಲಮ್ಮಾ ಇಷ್ಟು ದಿನ. ನಿದ್ದೆ ಇಲ್ಲ. ನಾಳೆ ಎದ್ರೆ ನಿಮ್ಮತ್ತೆ ಮುಖ ನೆನಪಿರುತ್ತೋ ಇಲ್ವೋ ಅಂತ ಅವಳನ್ನೇ ನೋಡ್ತಾ ಮಲಗ್ತಿದ್ದೆ. ನೀನು ದಿನಾ ಟೀ ತಂದು ಕೊಡ್ತಿದ್ದೆ."

ಅಷ್ಟೇ. ಕೂಗಾಡಲಿಲ್ಲ. ಅತ್ತೆಯ ಕೈಯಿಂದ ಖಾಕಿ ಅಂಗಿ ತರಿಸಿ ಹಾಕಿಕೊಂಡರು. ಅತ್ತೆ ಅದನ್ನು ಒರೆಸಲು ಹಾಕಿರಲೇ ಇಲ್ಲ, ಇಸ್ತ್ರಿ ಮಾಡಿ ಬೀರುವಿನಲ್ಲಿಟ್ಟಿದ್ದರು. ಮಾವ ಸ್ಟೂಲಿನ ಮೇಲೆ ಕೂತು ಒಂದೊಂದೇ ಕ್ಯಾನು, ಒಂದೊಂದೇ ಬಾಟಲಿ ಕೈಗೆ ತೆಗೆದುಕೊಂಡು ಹೇಳುತ್ತ ಹೋದರು. ಇದು ಎದುರು ಮನೆಯವನ ಗಾಡೀದು. ಇದು ಕೂಲೆಂಟ್. ಇದು ಗೇರಿಂದು. ಡ್ರಮ್ಮಣ್ಣ ಮೂಸದೆ ಬೇರೆ ಬೇರೆ ಡ್ರಮ್ಮಿಗೆ ಸುರಿದುಕೊಂಡ. ಒಂದು ಬಾಟಲಿಗೆ ಮಾತ್ರ ಮಾವ, "ಇದು ನಂಗೂ ಗೊತ್ತಿಲ್ಲ, ಬೇರೆ ಇಡು," ಎಂದರು. ಗೊತ್ತಿಲ್ಲ ಎನ್ನುವಾಗ ಅವರ ದನಿಯಲ್ಲಿ ಹೆದರಿಕೆ ಇರಲಿಲ್ಲ.

ಇವರು ನನ್ನ ಕಡೆ ನೋಡಲೇ ಇಲ್ಲ.

ಸೆಪ್ಟೆಂಬರ್ 22, ಸೋಮವಾರ

ಇವರು ಇವತ್ತು ಒಂದು ಮಾತಾಡಿದರು. "ಬದುಕಿ ಬಂದ್ನಲ್ಲ, ಅವತ್ತೇ ಹೇಳಿದ್ರೆ ನಾನೇನು ತಿಂದುಬಿಡ್ತಿದ್ನಾ? ಅಪ್ಪನ್ನ ಡಾಕ್ಟರ ಮುಂದೆ ಕೂರಿಸ್ಬಿಟ್ನಲ್ಲೇ. ಹುಚ್ಚರನ್ನ ಕೇಳ್ದಂಗೆ ಕೇಳಿದ್ರು ಅವರನ್ನ. ನಾನು ಪಕ್ಕದಲ್ಲಿ ನಿಂತು ತಲೆ ಆಡಿಸ್ದೆ."

ಇವರಿಗೂ ಅಪ್ಪನ ಮುಖ ನೋಡಲಾಗುತ್ತಿಲ್ಲ. ಬೆಳಿಗ್ಗೆ, ರಿಪೇರಿಯಾಗಿ ಬಂದ ಗಾಡಿಯ ಬಾನೆಟ್ ಎತ್ತಿಸದೆಯೇ ಹೊರಟುಬಿಟ್ಟರು, ಕಳ್ಳನ ಹಾಗೆ. ಮಾವ ಕುರ್ಚಿಯಿಂದ ಏಳಲಿಲ್ಲ. ಕರೆಯದೆ ಏಳುವವರಲ್ಲ.

ಸೆಪ್ಟೆಂಬರ್ 23, ಮಂಗಳವಾರ

ಮಾವ ಶೆಡ್ಡಿಗೆ ಬಾಗಿಲು ಮಾಡುತ್ತಿದ್ದಾರೆ. ಹಳೇ ಕಿಟಕಿಯ ಜಾಲರಿ, ನಾಲ್ಕು ಪಟ್ಟಿ, ಮೇಲುಗಡೆ ಚಿಲಕ. ದಿನವೆಲ್ಲ ಸುತ್ತಿಗೆ ಸದ್ದು. ಅತ್ತೆಗೆ ಹೇಳುತ್ತಿದ್ದರು, ನನಗೆ ಕೇಳಿಸಲಿ ಎಂದೇ, "ಮಗು ಒಳಗೆ ಬರ್ತಾಳೆ ಅಂತ ಒಂದು ಮಾತು ಹೇಳಿದ್ರೆ ಅವತ್ತೇ ಬಾಗಿಲು ಹಾಕ್ತಿದ್ದೆ. ಬಾಯಿ ಇರೋದು ಯಾಕೆ?"

ಅತ್ತೆ, "ಬೈಯೋದಾದ್ರೆ ಅವಳಿಗೇ ಬೈರಿ. ನಾನೇನು ಅಂಚೆಯವಳಾ?" ಎಂದರು.

ನನ್ನ ಹತ್ತಿರ ಮಾತಿಲ್ಲ. ಟೀ ಲೋಟ ತೆಗೆದುಕೊಳ್ಳುತ್ತಾರೆ, ಕುಡಿಯುತ್ತಾರೆ, ಇಡುತ್ತಾರೆ. ಜ್ಯೂಸಿನ ಬಾಟಲಿಗಳನ್ನೆಲ್ಲ ಡ್ರಮ್ಮಣ್ಣನಿಗೇ ಕೊಟ್ಟಾಯಿತು. ಹೊಸ ಕ್ಯಾನುಗಳನ್ನು ಒರೆಸಿ ಒಳಗೆ ಜೋಡಿಸುವುದಿತ್ತು. ಯಾರೂ ಮಾಡು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಮಾಡಿದೆ. ಬ್ರೇಕಿನ ಹೊಸ ಬಾಟಲಿಯನ್ನು ಎಲ್ಲಿಡಲಿ ಎಂದು ಕೈಯಲ್ಲಿ ಹಿಡಿದುಕೊಂಡು ಎಷ್ಟೋ ಹೊತ್ತು ನಿಂತಿದ್ದೆ. ಮಾವ ಮೊಳೆ ಹೊಡೆಯುತ್ತಲೇ ಇದ್ದರು. ಕೊನೆಗೆ ನನಗೆ ತೋಚಿದ ಕಡೆ ಇಟ್ಟೆ.

ಸೆಪ್ಟೆಂಬರ್ 25, ಗುರುವಾರ, ಬೆಳಿಗ್ಗೆ ಐದು ಗಂಟೆ ಹತ್ತು ನಿಮಿಷ

ಹಾಲು ಕಾಯಲು ಇಟ್ಟು ಅಡುಗೆಮನೆಯ ಕಿಟಕಿಯ ಹತ್ತಿರ ಬರೆಯುತ್ತಿದ್ದೇನೆ. ಇವರು ಇವತ್ತು ಹೊರಡುತ್ತಿಲ್ಲ. ಬಾಡಿಗೆ ಇದೆ, ಹೊತ್ತಾಗಿದೆ, ಆದರೂ ಅಂಗಳದಲ್ಲಿ ಗಾಡಿಯ ಸುತ್ತ ತಿರುಗುತ್ತಿದ್ದಾರೆ. ಗಾಜು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಈಗ ವರಾಂಡಾದ ಮುಂದೆ ಹೋಗಿ ನಿಂತರು.

"ಅಪ್ಪಾ... ಒಂದ್ಸಲ ನೋಡ್ತೀಯಾ?"

ಕಿಟಕಿಗೆ ಕಿವಿ ಕೊಟ್ಟಿದ್ದೇನೆ.

ಕುರ್ಚಿ ಸರಿದ ಸದ್ದು. ಚಪ್ಪಲಿ. ಬಾನೆಟ್ ಎತ್ತಿದರು!

ಹಾಲು ಉಕ್ಕುತ್ತಿದೆ, ಉಕ್ಕಲಿ. ಕೆಮ್ಮಿದರು. ಮುಚ್ಚಳ ತಿರುಗಿಸುತ್ತಿದ್ದಾರೆ. ಜಾಲರಿ ಬಾಗಿಲಿನ ಚಿಲಕ ತೆಗೆದರು. ಒಳಗೆ ಕಾಲಿಟ್ಟರು. ನಿಂತರು. ಕೈ ಚಾಚುತ್ತಿಲ್ಲವೇ? ಯಾಕೆ ನಿಂತಿದ್ದಾರೆ...

"ಅಮ್ಮಾ, ಬ್ರೇಕಿಂದು ಈಗ ಎಲ್ಲಿಟ್ಟಿದೀಯಾ?"

ನನ್ನನ್ನು. ನನ್ನನ್ನೇ ಕೇಳುತ್ತಿದ್ದಾರೆ. ಇವರೂ ಅಡುಗೆಮನೆಯ ಕಿಟಕಿಯ ಕಡೆ ತಿರುಗಿದ್ದಾರೆ. ಇಲ್ಲಿಂದಲೇ ಕೂಗಿ ಹೇಳಬೇಕು, ಶೆಡ್ಡಿಗೆ ಕೇಳಿಸುವ ಹಾಗೆ, ಇಲ್ಲ, ಹೋಗಿಯೇ ಹೇಳುತ್ತೇನೆ...